ಗೊಣ್ಣೆಹುಳಕ್ಕೆ ಜವಾರಿ ಕೋಳಿ ಮದ್ದಾ? ಹಿತ್ತಲದಾಗ ಹೌದು, ಕಬ್ಬಿನಾಗ ಅಷ್ಟಿಲ್ಲ

ಗೋಕಾಕ/ಮೂಡಲಗಿ/ಹುಕ್ಕೇರಿ: ಮುಂಗಾರಿನ ಮೊದಲ ಮಳಿ ಬಿತ್ತಂದ್ರ ಕತ್ತಲಾಗೋ ಹೊತ್ತಿಗೆ ಬೇವಿನ ಗಿಡ, ಜಾಲಿ ಗಿಡದ ಸುತ್ತ ಕಂದು ದುಂಬಿ ಗುಂಯ್ ಅಂತಾವ. ಇವು ಮಣ್ಣಿನಾಗ ಇಟ್ಟ ತತ್ತಿಯೇ ಮುಂದೆ ಗೊಣ್ಣೆಹುಳ. ಆಗಸ್ಟ್ ಬರೋದ್ರಾಗ ಕಬ್ಬಿನ ಬೇರು ಕಡಿದು, ಹಳದಿ ಬಿದ್ದ ಗಡ್ಡಿ ಕೈಯಿಂದ ಎಳೆದ್ರ ಕಿತ್ತು ಬರ್ತದೆ. ಘಟಪ್ರಭಾ ದಂಡಿಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈಗ ಮೊಬೈಲಿನಾಗ ಒಂದು ಮಾತು ಓಡಾಡ್ತಿದೆ: ಔಷಧ ಯಾಕೆ, ಹತ್ತು ಜವಾರಿ ಕೋಳಿ ಬಿಡ್ರಿ, ಹುಳ ಖಲಾಸ್.

ಅರ್ಧ ಖರೆ. ಉಳಿದರ್ಧ ನಂಬಿದವರಿಗೆ ಕಬ್ಬೂ ಹೋಗ್ತದೆ, ಕೋಳಿನೂ ಹೋಗ್ತದೆ.

ದೀಪ ಹಚ್ಚೋ ಹೊತ್ತಿಗೆ ಕೋಳಿ ಗೂಡು ಸೇರ್ತದೆ. ದುಂಬಿ ಮಣ್ಣಿಂದ ಏಳೋದೇ ಆಮೇಲೆ. ಇಬ್ಬರ ಭೆಟ್ಟಿನೇ ಆಗಂಗಿಲ್ಲ. ಇನ್ನು ಆಗಸ್ಟ್, ಸೆಪ್ಟೆಂಬರಿನಾಗ ಹುಳ ಬೇರಿನ ಬುಡಕ್ಕೆ ಗೇಣು ಆಳದಾಗ ಇರ್ತದೆ, ಕೋಳಿ ಕೆದರೋದು ಎರಡು ಮೂರು ಬೆರಳು. ಆಳೆತ್ತರದ ಕಬ್ಬಿನಾಗ ಕೋಳಿ ಬಿಟ್ಟರೆ ಲಾಭ ನರಿಗೆ.

ಆದ್ರ ಈ ಭೆಟ್ಟಿ ನಾವೇ ಮಾಡಿಸಬಹುದು. ಮಳಿ ಆದ ಮೊದಲ ವಾರ, ರಾತ್ರಿ ಏಳರಿಂದ ಒಂಬತ್ತರೊಳಗೆ ಗಿಡದ ಕೆಳಗೆ ಹಳೇ ಚಾದರ ಹಾಸಿ ಟೊಂಗಿ ಅಲ್ಲಾಡಿಸಿದರೆ ದುಂಬಿ ಉದುರ್ತಾವ. ಸೀಮೆಎಣ್ಣಿ ಹಾಕಿದ ನೀರಿನಾಗ ಅವನ್ನು ಕೊಲ್ಲೋದು ಹಳೇ ರೂಢಿ. ಕೋಳಿಗೆ ಹಾಕೋದಿದ್ರ ಬರೇ ನೀರು ಸಾಕು, ಬೆಳಗ್ಗೆ ಸುರಿದರೆ ಒಂದೂ ಬಿಡಂಗಿಲ್ಲ. ಔಷಧ ಹೊಡೆದ ಗಿಡದ ದುಂಬಿ ಮಾತ್ರ ಬ್ಯಾಡ. ತತ್ತಿ ಇಡೋ ಮುಂಚೆ ಸಿಕ್ಕ ಒಂದು ಹೆಣ್ಣು ದುಂಬಿ ಅಂದ್ರ ಹತ್ತಾರು ಹುಳ ತಪ್ಪಿದಂಗ. ಆದ್ರ ಇದು ಒಬ್ಬರ ಹೊಲದ ಕೆಲಸ ಅಲ್ಲ. ದುಂಬಿಗೆ ಬದು ಗೊತ್ತಿಲ್ಲ.

ಕೋಳಿಯ ಖರೇ ದುಡಿಮೆ ಇರೋದು ಹಿತ್ತಲದಾಗ, ಅದರಾಗೂ ತಿಪ್ಪಿ ಮ್ಯಾಲೆ. ತಿಪ್ಪಿಯಾಗ ಸಿಗೋ ದಪ್ಪ ಬಿಳಿ ಹುಳ ನೋಡಿ ಇದೇ ಕಬ್ಬಿನ ಹುಳ ಅಂತ ಬಹಳ ಮಂದಿ ತಿಳಿದಾರ. ಅದರಾಗ ಹೆಚ್ಚಿನವು ತೆಂಗಿಗೆ ಬೀಳೋ ಕೊಂಬಿನ ದುಂಬಿಯ ಮರಿ. ಅದನ್ನೂ ಕೋಳಿ ತಿಂತದೆ, ಸಗಣಿಯಾಗಿನ ನೊಣದ ಹುಳನೂ ತಿಂತದೆ. 2022ರಾಗ ಚರ್ಮಗಂಟು ರೋಗ ನಮ್ಮ ಜಿಲ್ಲೆಯ ದನಗಳಿಗೆ ಬಡಿದಾಗ, ಅದನ್ನು ಹರಡಿದ್ದು ಕಚ್ಚೋ ನೊಣ, ಸೊಳ್ಳಿ, ಉಣ್ಣಿ. ಉಣ್ಣಿ ಇದ್ದ ದನಗಳ ನಡುವೆ ಮೇಯ್ದ ಕೋಳಿಗಳ ಹೊಟ್ಟಿಯಾಗ ಹತ್ತಾರು ಉಣ್ಣಿ ಸಿಕ್ಕಿದ್ದನ್ನು ಕೆನ್ಯಾ ದೇಶದಾಗ ಲೆಕ್ಕ ಮಾಡಿಯೇ ನೋಡಿದ್ದಾರೆ. ದನದ ಕೊಟ್ಟಿಗೆ ಪಕ್ಕ ಕೋಳಿ ಇಟ್ಟ ನಮ್ಮ ಹಿರಿಯರು ಲೆಕ್ಕ ಬರೆದಿಡಲಿಲ್ಲ ಅಷ್ಟೇ.

ಗೋವಿನಜೋಳದವರಿಗೂ ಒಂದು ದಾರಿ ಐತಿ. 2018ರಾಗ ಶಿವಮೊಗ್ಗ ಕಡೆ ಮೊದಲು ಕಂಡ ಫಾಲ್ ಸೈನಿಕ ಹುಳ ಕೋಶ ಆಗೋದು ಮಣ್ಣಿನ ಮ್ಯಾಲ್ಪದರದಾಗ. ತೆನಿ ಮುರಿದ ಮ್ಯಾಲೆ ಕುಂಟಿ ಹೊಡೆದ ದಿನ ಕೋಳಿ ಬಿಟ್ಟರೆ ಆರಿಸಿ ತಿಂತಾವ. ಕಾಯಿಪಲ್ಲೆ ಮಡಿಗೆ ಮಾತ್ರ ಬಿಡಬ್ಯಾಡ್ರಿ. ಸಂಕೇಶ್ವರ ಕಡೆ ಮೆಣಸಿನಕಾಯಿ ಅಗಿ ಹಾಕಿದವರಿಗೆ ಗೊತ್ತು, ನಾಲ್ಕು ಕೋಳಿ ಹೊಕ್ಕರೆ ಮಡಿ ಎಷ್ಟೊತ್ತು ಉಳಿತದೆ ಅಂತ.

ಈಗ ಮುಖ್ಯ ಮಾತು. ಹುಳಕ್ಕ ಅಂತ ಹರಳಿನ ಔಷಧ ಚೆಲ್ಲಿದ ಹೊಲದಾಗ ಕೋಳಿ ಇರಬಾರದು. ಹರಳು ಅದರ ಕಣ್ಣಿಗೆ ಕಾಳು. ಎರಡು ವರ್ಷದ ಹಿಂದೆ ನಮ್ಮ ಅವ್ವನ ನಾಲ್ಕು ಹ್ಯಾಟಿ ಹಿಂಗ ಒಂದೇ ಮಧ್ಯಾಹ್ನ ಸತ್ತವು. ಚೆಲ್ಲಿದವನು ನಾನೇ. ಕೊಟ್ಟ ಅಂಗಡಿಯವರು ಎಕರೆಗೆ ಎಷ್ಟು ಅಂತ ಹೇಳಿದರು, ಕೋಳಿ ಐತೇನು ಅಂತ ಕೇಳಲಿಲ್ಲ. ನಾನೂ ಚೀಟಿ ಓದಲಿಲ್ಲ. ಗೊಣ್ಣೆಹುಳಕ್ಕ ವರ್ಷಾನುಗಟ್ಟಲೆ ಬಳಸಿದ ಫೋರೇಟ್ ಬಳಕೆ 2020ರ ಡಿಸೆಂಬರ್ 31ರಿಂದ ದೇಶದಾಗ ನಿಷೇಧ. ಆದ್ರ ಕಾರ್ಬೋಫ್ಯೂರಾನ್, ಫಿಪ್ರೊನಿಲ್ ಹರಳೂ ಕೋಳಿಗೆ ವಿಷವೇ. ಗೊಬ್ಬರದ ಅಂಗಡಿಯವರು ಚೀಲ ಕೊಡುವಾಗ ಈ ಒಂದು ಪ್ರಶ್ನೆ ಕೇಳಿದರೆ ವ್ಯಾಪಾರವೇನೂ ಕಡಿಮಿ ಆಗಂಗಿಲ್ಲ. ಬೇಕಾದವರಿಗೆ ಮೆಟರೈಜಿಯಂ ಶಿಲೀಂಧ್ರದ ಪುಡಿ ಐತಿ. ತಿಪ್ಪಿಗೊಬ್ಬರದಾಗ ಕಲಿಸಿ, ಹಸಿ ಇದ್ದಾಗ ಬೇರಿನ ಬುಡಕ್ಕೆ ಹಾಕಬೇಕು. ನಿಧಾನ ಕೆಲಸ ಮಾಡ್ತದೆ.

ಕೋಳಿ ಸಾಕೋರು ಇನ್ನೊಂದು ಲೆಕ್ಕ ಹಾಕ್ರಿ. ಗಿರಿರಾಜ ಇರಲಿ, ಜವಾರಿ ಇರಲಿ, ಕೊಕ್ಕರೆ ರೋಗ ಬಂದ್ರ ಓಣಿಯೇ ಖಾಲಿ. ಮೊದಲ ವಾರದಾಗ ಲಸೋಟಾ ಹನಿ, ಎಂಟನೇ ವಾರಕ್ಕ ಆರ್‌ಟುಬಿ ಲಸಿಕೆ. ಬಾಟ್ಲಿ ಸಾಮಾನ್ಯವಾಗಿ ನೂರು ಕೋಳಿಯ ಲೆಕ್ಕದ್ದು, ಕಲಿಸಿದ ಮ್ಯಾಲೆ ಒಂದೆರಡು ತಾಸಿನಾಗ ಮುಗಿಸಬೇಕು. ಅದಕ್ಕ ಓಣಿಯ ಹತ್ತು ಮನಿ ಕೂಡಿ ಪಶು ಆಸ್ಪತ್ರೆಗೆ ಹೇಳಿ, ಬೆಳಗ್ಗೆ ಗೂಡಿನ ಬಾಗಿಲು ತೆಗೆಯೋದ್ರೊಳಗ ಕರೆಸಿಕೊಳ್ರಿ. ಒಮ್ಮೆ ಹೊರಗೆ ಬಿಟ್ಟ ಮ್ಯಾಲೆ ಜವಾರಿ ಹ್ಯಾಟಿ ಹಿಡಿಯೋದು ಡಾಕ್ಟರ್ ಕೈಯಾಗ ಆಗೋ ಮಾತಲ್ಲ.