ಜಪಾನೀ ಕ್ರಿಯಾಪದವೂ ಭಾಷಾಂತರಕಾರನ ಆಲಸ್ಯವೂ

ಆಂಗ್ಲದ ಒಂದು ಕ್ರಿಯಾಪದಕ್ಕೆ ಜಪಾನೀ ಭಾಷೆಯಲ್ಲಿ ಒಂದು ಕ್ರಿಯಾಪದವು ಇದ್ದೇ ಇರುವುದೆಂದೂ, ನಿಘಂಟಿನಲ್ಲಿ ಮೊದಲು ಕಂಡುದನ್ನು ಎತ್ತಿಟ್ಟರೆ ಭಾಷಾಂತರವು ಮುಗಿಯಿತೆಂದೂ ನಂಬಿದವರು ಬಹುಮಂದಿ. ಪದವು ತಪ್ಪಿದರೇನು, ಅರ್ಥವಾದರೆ ಸಾಕಲ್ಲವೆ ಎಂಬುದು ಇವರ ಸಮಾಧಾನ. ಅರ್ಥವಾಗುವುದು ದಿಟ, ಆದರೆ ಯಾವ ಅರ್ಥ?

ಅಂಗಿಗೂ ಟೋಪಿಗೂ ಪಾದರಕ್ಷೆಗೂ ಕನ್ನಡಕಕ್ಕೂ ಆಂಗ್ಲರಿಗೆ ‘ವೇರ್’ ಎಂಬುದೊಂದೇ ಸಾಕು. ಜಪಾನೀಯರಾದರೋ ಅಂಗಿಗೆ ‘ಕಿರು’ ಎನ್ನುವರು, ಷರಾಯಿ, ಕಾಲುಚೀಲ, ಪಾದರಕ್ಷೆಗಳಿಗೆ ‘ಹಕು’, ಟೋಪಿಗೆ ‘ಕಬುರು’, ಕನ್ನಡಕಕ್ಕೆ ‘ಕಕೆರು’, ಉಂಗುರಕ್ಕೆ ‘ಹಮೆರು’. ಇದು ಕಗ್ಗಂಟೆಂದು ಕನ್ನಡಿಗನು ಗೊಣಗುವುದಂತೂ ವಿಚಿತ್ರ. ಅವನ ಮನೆಯಲ್ಲಿಯೇ ಸೀರೆಯನ್ನು ಉಡುವರು, ಬಳೆಯನ್ನು ತೊಡುವರು, ಹೂವನ್ನು ಮುಡಿಯುವರು, ಶಾಲನ್ನು ಹೊದೆಯುವರು, ರುಮಾಲನ್ನು ಸುತ್ತುವರು, ಕೆರವನ್ನು ಮೆಟ್ಟುವರು. ‘ಹೂವನ್ನು ಉಟ್ಟಳು’ ಎಂದು ಬರೆದವನನ್ನು ಕಂಡು ನಗುವವನು, ಟೋಪಿಗೆ ‘ಕಿರು’ವನ್ನು ಜೋಡಿಸಿ ನಿಶ್ಚಿಂತನಾಗಿರುವುದೇಕೆ? ತನ್ನ ನುಡಿಯ ಹೆಬ್ಬಾಗಿಲನ್ನು ಬಿಟ್ಟು ಆಂಗ್ಲದ ಹಿಂಬಾಗಿಲಿನಿಂದ ನುಸುಳುವುದರ ಫಲವಿದು.

ಇದಾದರೂ ನಗೆಯಲ್ಲಿ ಮುಗಿಯುವ ದೋಷ. ‘ಗಿವ್’ ಎಂಬಲ್ಲಿ ಹಾಗಲ್ಲ. ಮಾತನಾಡುವವನು ಇತರರಿಗೆ ಕೊಟ್ಟರೆ ‘ಅಗೆರು’. ಇತರರು ಅವನಿಗಾಗಲಿ ಅವನ ಮನೆಯವರಿಗಾಗಲಿ ಕೊಟ್ಟರೆ ‘ಕುರೆರು’. (ಮಲೆಯಾಳದ ‘ತರುಕ’, ‘ಕೊಡುಕ್ಕುಕ’ಗಳ ಭೇದವನ್ನು ಬಲ್ಲ ಕರಾವಳಿಯವರಿಗೆ ಇದು ತೀರ ಹೊಸತೆನಿಸದು, ಎರಡೂ ಒಂದೇ ಅಲ್ಲದಿದ್ದರೂ.) ಹಿರಿಯರು ಕೊಟ್ಟರೆ ‘ಕುದಸರು’, ಹಿರಿಯರಿಗೆ ಕೊಟ್ಟರೆ ‘ಸಶಿಅಗೆರು’. ಇವೇ ಮತ್ತೊಂದು ಕ್ರಿಯಾಪದದ ಬೆನ್ನಿಗೆ ನಿಂತು ಉಪಕಾರವನ್ನೂ ಸೂಚಿಸುವುವು. ವೃದ್ಧ ಗುರುಗಳ ಚೀಲವನ್ನು ಹೊರಲು ಮುಂದಾದ ಶಿಷ್ಯನು ಆಂಗ್ಲವಾಕ್ಯವನ್ನು ಮಗುಚಿ ‘ಮೊತ್ತೆ ಅಗೆಮಸು’ ಎಂದನೆಂದರೆ, ವಿನಯದಿಂದ ಹೊರಟ ಮಾತು ‘ನಿಮಗೊಂದು ಉಪಕಾರ ಮಾಡುವೆನು’ ಎಂಬ ದೊಡ್ಡಸ್ತಿಕೆಯಾಗಿ ಅವರ ಕಿವಿಗೆ ಬೀಳುವುದು. ಅಲ್ಲಿ ಸಲ್ಲುವುದು ‘ಒಮೊಚಿ ಶಿಮಸು’. ಅರ್ಥವಾದರೆ ಸಾಕೆನ್ನುವವರು ಆ ಗುರುಗಳ ಮುಖವನ್ನು ನೋಡಬೇಕು.

ನಿಘಂಟನ್ನು ದೂರಿ ಪ್ರಯೋಜನವಿಲ್ಲ. ಹೆಪ್ಬರ್ನ್ ಎಂಬ ಅಮೇರಿಕದ ವೈದ್ಯನು 1867ರಲ್ಲಿಯೇ ಜಪಾನೀ–ಆಂಗ್ಲ ನಿಘಂಟನ್ನು ಪ್ರಕಟಿಸಿದನು. ಆಮೇಲೆ ಬಂದವು ಎಷ್ಟೋ. ಅವು ಪದಗಳನ್ನು ಸಾಲಾಗಿ ನಿಲ್ಲಿಸಬಲ್ಲವು; ಕೊಟ್ಟವರು ಯಾರು, ಪಡೆದವರು ಯಾರೆಂಬುದನ್ನು ಅರಿಯಲಾರವು. ಆಂಗ್ಲವಾಕ್ಯವೂ ಅದನ್ನು ಪೂರ್ತಿಯಾಗಿ ಹೇಳದು. ‘ಅವನು ಆಕೆಗೆ ಪುಸ್ತಕವನ್ನು ಕೊಟ್ಟನು’ ಎಂದಿದ್ದರೆ, ಆಕೆ ಕಥೆ ಹೇಳುವವನ ತಂಗಿಯೋ, ಪರಕೀಯಳೋ ಎಂದು ಹಿಂದಿನ ಪುಟಗಳನ್ನು ತಿರುವಿ ನೋಡಿದ ಹೊರತು ಜಪಾನೀ ವಾಕ್ಯವು ಮುಗಿಯದು. ತಂಗಿಯಾದರೆ ‘ಕುರೆತ’, ಪರಕೀಯಳಾದರೆ ‘ಅಗೆತ’.