ಗೋಡೆ ಒಡೆದರೆ ಕೂಲಿ, ಉಳಿಸಿದರೆ ಚೌಕಾಸಿ!

ದಾವಣಗೆರೆಯ ವಿನೋಬನಗರ, ಕೆ.ಟಿ.ಜೆ. ನಗರದ ಹಳೇ ಮನೆಗಳಲ್ಲಿ ನಲ್ಲಿ ಬದಲಾಯಿಸುವುದೆಂದರೆ ಮನೆಯವರಿಗೆ ಎದೆ ಡವಡವ. ರೆಂಚ್ ಹಾಕಿ ತಿರುವಿದ ಕೂಡಲೇ 'ಟಕ್' ಎಂಬ ಸದ್ದು. ನಲ್ಲಿ ಕೈಗೆ ಬಂತು. ಅದರ ಹಿಂದಿನ ನಿಪ್ಪಲ್ಲಿನ ತುದಿ ಗೋಡೆಯೊಳಗಿನ ಎಲ್ಬೋದಲ್ಲೇ ಮುರಿದು ಕೂತಿತು. "ಗೋಡೆ ಒಡೀಲೇಬೇಕು ಸಾರ್" ಎಂಬ ತೀರ್ಪು ಬರಲು ನಿಮಿಷ ಸಾಕು. ಬೆರಳ ತುದಿಯಷ್ಟು ತುಕ್ಕು ಚೂರಿಗಾಗಿ ಗೋಡೆಗೆ ಉಳಿ. ಆಮೇಲೆ ಗಾರೆಯವನು, ಟೈಲ್ಸಿನವನು, ಬಣ್ಣದವನು.

ಒಡೆಯಲೇಬೇಕೆ? ಬಹಳಷ್ಟು ಸಲ ಬೇಡ.

ಜಿ.ಐ. ಪೈಪಿಗೆ ತುಕ್ಕು ಹಿಡಿಯದಿರಲೆಂದೇ ಸತುವಿನ ಲೇಪ. ತಿರುಪು ಕೊರೆದಾಗ ಆ ಲೇಪವೇ ಹೋಗುತ್ತದೆ. ಮಧ್ಯಮ ದರ್ಜೆಯ ಅರ್ಧ ಇಂಚಿನ ಪೈಪಿನ ದಪ್ಪ ಸುಮಾರು 2.6 ಮಿ.ಮೀ.; ತಿರುಪಿಗೆ ಅದರಲ್ಲಿ 1 ಮಿ.ಮೀ.ಗೂ ಹೆಚ್ಚು ಖರ್ಚು. ತುಕ್ಕು ಮೊದಲು ಹಿಡಿಯುವುದೂ, ಪೈಪು ಮುರಿಯುವುದೂ ಅಲ್ಲೇ.

ಚೂರು ತೆಗೆಯುವ ವಿದ್ಯೆ ಹಳೇ ಕೈಗಳಿಗೆ ಗೊತ್ತು. ಗೇಟ್ ವಾಲ್ವ್ ಬಂದ್ ಮಾಡಿ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದೆರಡು ತಾಸು ಕಾಯಬೇಕು. ಬಳಿಕ ಎಕ್ಸ್‌ಟ್ರ್ಯಾಕ್ಟರ್ ಹೊಡೆದು ಎಡಕ್ಕೆ ತಿರುವಬೇಕು. ಅದರ ಹಲ್ಲು ಉಲ್ಟಾ. ತಿರುವಿದಷ್ಟೂ ಚೂರನ್ನು ಬಿಗಿಯಾಗಿ ಕಚ್ಚಿಕೊಂಡು ಹೊರಗೆ ತರುತ್ತದೆ. ಅದಿಲ್ಲವೇ? ಹ್ಯಾಕ್ಸಾ ಬ್ಲೇಡಿನ ತುಂಡಿಗೆ ಬಟ್ಟೆ ಸುತ್ತಿ, ಚೂರಿನ ಒಳಮೈಯನ್ನು ಎರಡು ಕಡೆ ಉದ್ದಕ್ಕೆ ಕೊಯ್ಯಬೇಕು. ಎಲ್ಬೋದ ತಿರುಪು ಮುಟ್ಟುವ ಮೊದಲೇ ಕೈ ನಿಲ್ಲಬೇಕು. ಸಣ್ಣ ಉಳಿಯಿಂದ ಮೆಲ್ಲಗೆ ಒಳಕ್ಕೆ ಮಡಚಿದರೆ ಚೂರು ಸಡಿಲವಾಗುತ್ತದೆ. ಇಲ್ಲಿ ಜೋರಾಗಿ ಬಡಿದರೆ ಎಲ್ಬೋ ಸೀಳೀತು! ಪ್ಲಾಸ್ಟಿಕ್ ಪೈಪು ಸೇರಿದ ಕಡೆ ಬೆಂಕಿಯಂತೂ ಕೂಡದು.

ಹಾಗಾದರೆ ಎಲ್ಲರೂ ಯಾಕೆ ಹೀಗೆ ಮಾಡೋಲ್ಲ? ಪ್ಲಂಬರುಗಳನ್ನು ಬೈಯುವುದು ಸುಲಭ. ಗೋಡೆ ಒಡೆದು ಎರಡು ದಿನ ಧೂಳೆಬ್ಬಿಸಿದವನಿಗೆ ಮನೆ ಯಜಮಾನರು ಕೇಳಿದಷ್ಟು ಎಣಿಸುತ್ತಾರೆ. ಗೋಡೆಗೆ ಗೀರೂ ಬೀಳದಂತೆ ಚೂರು ತೆಗೆದವನಿಗೆ ಮಾತ್ರ, "ಒಂದು ಬ್ಲೇಡು ಆಡಿಸಿದ್ದಕ್ಕೆ ಇಷ್ಟೊಂದಾ?" ಎಂಬ ಚೌಕಾಸಿ. ತಾಳ್ಮೆಗೆ ಬೆಲೆಯಿಲ್ಲ, ಸುತ್ತಿಗೆಗೆ ಬೆಲೆ! ಇಂಥ ಲೆಕ್ಕ ಇರುವ ಊರಲ್ಲಿ ಕಲಿಯುವ ಹುಡುಗ ಯಾವುದನ್ನು ಕಲಿತಾನು?

ಎಲ್ಲ ಪೈಪನ್ನೂ ಉಳಿಸಲಾಗದು ಎಂಬುದೂ ನಿಜ. ಎಲ್ಬೋದ ತಿರುಪೇ ತಿಂದುಹೋಗಿದ್ದರೆ, ಬರುವ ನೀರೇ ಕೆಂಪಗಿದ್ದರೆ, ಪೈಪಿನೊಳಗೆ ತುಕ್ಕು ಕಟ್ಟಿ ನೀರು ಸಣ್ಣಗಾಗಿದ್ದರೆ ಲೈನನ್ನೇ ಬದಲಾಯಿಸುವುದು ಲೇಸು. ಆದರೆ ಅದು ನೋಡಿ ಮಾಡುವ ತೀರ್ಮಾನವಾಗಬೇಕು. ನೋಡದೆ ಉಳಿ ಎತ್ತುವುದಲ್ಲ.

ಮಾಡಬೇಕಾದ್ದು ದೊಡ್ಡದೇನಲ್ಲ. ಮನೆಯವರು ಕೆಲಸ ಶುರುವಾಗುವ ಮೊದಲೇ ಕೇಳಲಿ: "ಮುರಿದರೆ ಒಡೀದೇ ತೆಗೀತೀರಾ? ಅದಕ್ಕೆಷ್ಟು?" ಒಪ್ಪಿದ ಮೇಲೆ ಅರ್ಧ ಗಂಟೆಯಲ್ಲಿ ಮುಗಿದರೂ ಒಪ್ಪಿದ್ದನ್ನು ಕೊಡಲಿ. ಹಾರ್ಡ್‌ವೇರ್ ಅಂಗಡಿಯವರು ಒಂದು ಎಕ್ಸ್‌ಟ್ರ್ಯಾಕ್ಟರ್ ಇಟ್ಟುಕೊಂಡು ದಿನದ ಬಾಡಿಗೆಗೆ ಕೊಡಲಿ. ವ್ಯಾಪಾರಕ್ಕೆ ವ್ಯಾಪಾರ, ಉಪಕಾರಕ್ಕೆ ಉಪಕಾರ. ಗೋಡೆ ಉಳಿಸಿದವನ ಕೂಲಿ ಒಡೆದವನ ಕೂಲಿಗಿಂತ ಕಡಿಮೆ ಇರುವ ತನಕ ಗೋಡೆಗಳು ಒಡೆಯುತ್ತಲೇ ಇರುತ್ತವೆ.