ಅಪ್ಪನ ಫೋನಿಗೆ ಯಾವ ಬ್ರೌಸರ್? 'ಯಾವುದಾದರೇನು' ಎನ್ನುವವರಿಗೆ ನಮ್ಮ ತಕರಾರು

ಹೋದ ತಿಂಗಳು ನಮ್ಮಲ್ಲೊಬ್ಬರ ಅಪ್ಪನ ಫೋನು ರಾತ್ರಿ ಹನ್ನೊಂದಾದರೂ ಟಣ್ ಟಣ್ ಎನ್ನುತ್ತಿತ್ತು. 'ನಿಮ್ಮ ಫೋನಿಗೆ ವೈರಸ್ ತಗುಲಿದೆ, ಕೂಡಲೇ ಒತ್ತಿ' ಎಂದು ಒಂದು ಸಂದೇಶ, 'ನಿಮಗೆ ಬಹುಮಾನ ಬಂದಿದೆ' ಎಂದು ಇನ್ನೊಂದು. ಪೇಟೆಯ ಮೊಬೈಲ್ ಅಂಗಡಿಯವರು ಮುನ್ನೂರು ರೂಪಾಯಿ ತೆಗೆದುಕೊಂಡು ಇಡೀ ಫೋನನ್ನೇ ಅಳಿಸಿ ಕೊಟ್ಟರು. ಮೊಮ್ಮಗಳ ಫೋಟೊ, ಅಡಿಕೆ ವ್ಯಾಪಾರಿಯ ನಂಬರು, ಎಲ್ಲ ಹೋಯಿತು. ವಾರ ಕಳೆಯುವುದರೊಳಗೆ ಟಣ್ ಟಣ್ ಮತ್ತೆ ಶುರು.

ನಾವು ಕೂತು ನೋಡಿದೆವು. ವೈರಸ್ಸೂ ಇಲ್ಲ, ಮಣ್ಣೂ ಇಲ್ಲ. ಅಡಿಕೆ ಧಾರಣೆ ನೋಡಲು ಅವರು ಪದೇ ಪದೇ ಹೋಗುತ್ತಿದ್ದ ಪುಟವೊಂದು ನೋಟಿಫಿಕೇಶನ್ ಕಳಿಸಲು ಅನುಮತಿ ಕೇಳಿತ್ತು, ಅವರು 'ಅಲೋ' ಒತ್ತಿದ್ದರು. ಬ್ರೌಸರಿನ ಸೆಟ್ಟಿಂಗ್ಸ್‌ಗೆ ಹೋಗಿ ಆ ಜಾಲತಾಣದ ಅನುಮತಿ ತೆಗೆದುಹಾಕಲು ಒಂದು ನಿಮಿಷವೂ ಹಿಡಿಯಲಿಲ್ಲ.

ಈ ಕಥೆ ಹೇಳಿದಾಗ ಬೆಂಗಳೂರಿನ ಗೆಳೆಯರ ಉತ್ತರ ಒಂದೇ: 'ಬ್ರೌಸರ್ ಯಾವುದಾದರೇನು, ಬಳಸುವವರು ಹುಷಾರಾಗಿರಬೇಕಷ್ಟೆ.' ನಮ್ಮ ಜಗಳ ಇರುವುದು ಈ ಮಾತಿನ ಜೊತೆಗೆ. ಬಾವಿಗೆ ಕಟ್ಟೆ ಕಟ್ಟದೆ, ಬಿದ್ದವನಿಗೆ ಕಣ್ಣಿರಲಿಲ್ಲವೇ ಎಂದು ಕೇಳುವ ಮಾತಿದು.

ಬ್ರೌಸರ್ ಹೋಲಿಕೆಯ ಬರಹಗಳನ್ನೇ ತೆಗೆದುಕೊಳ್ಳಿ. ಯಾವುದು ಎಷ್ಟು ವೇಗ, ಲ್ಯಾಪ್‌ಟಾಪಿನಲ್ಲಿ ಎಷ್ಟು ಟ್ಯಾಬ್ ತೆರೆಯಬಹುದು, ಯಾವುದರ ಬಣ್ಣ ಚಂದ. ಪಹಣಿ ತೆಗೆಯುವವರು, ಪಿಎಂ ಕಿಸಾನ್ ಕಂತು ಬಂತೇ ಎಂದು ನೋಡುವವರು, ಐದು ವರ್ಷ ಹಳೆಯ ಫೋನಿನಲ್ಲಿ ಮಕ್ಕಳ ಫಲಿತಾಂಶ ಹುಡುಕುವವರು ಆ ಬರಹಗಳ ಓದುಗರೇ ಅಲ್ಲ. ಪತ್ರಿಕೋದ್ಯಮ ಓದಿದ ನಾವೂ ಅಂಥದ್ದನ್ನೇ ಬರೆದಿದ್ದೇವೆ. ತಪ್ಪು ನಮ್ಮದೂ ಹೌದು.

ನಮ್ಮ ಹೋಲಿಕೆಯಲ್ಲಿ ಪ್ರಶ್ನೆ ಎರಡು. ಬ್ರೌಸರ್ ನಮ್ಮನ್ನು ಕಳ್ಳರಿಂದ ಕಾಯುತ್ತದೆಯೇ? ಅದನ್ನು ಮಾಡಿಕೊಟ್ಟ ಒಡೆಯನಿಂದ ಕಾಯುತ್ತದೆಯೇ?

ಮೊದಲ ಪ್ರಶ್ನೆಗೆ ಕ್ರೋಮ್ ಚೆನ್ನಾಗಿಯೇ ಉತ್ತರಿಸುತ್ತದೆ. ಒಂದು ಪುಟದ ಕೆಟ್ಟ ಕೋಡ್ ಇನ್ನೊಂದಕ್ಕೆ ಕೈಹಾಕದಂತೆ ಬೇರ್ಪಡಿಸುವ ವ್ಯವಸ್ಥೆ ಅದರಲ್ಲಿ ಗಟ್ಟಿಯಾಗಿದೆ, ದೋಷ ಸಿಕ್ಕರೆ ತೇಪೆ ಬೇಗ ಬರುತ್ತದೆ. ಮೋಸದ ಪುಟ ತೆರೆದಾಗ ಕಾಣುವ ಕೆಂಪು ಎಚ್ಚರಿಕೆಯ ಹಿಂದಿರುವುದು ಗೂಗಲ್ ತಯಾರಿಸುವ ಪಟ್ಟಿ, ಅದನ್ನು ಫೈರ್‌ಫಾಕ್ಸ್ ಕೂಡ ಬಳಸುತ್ತದೆ. ಇದನ್ನು ಒಪ್ಪದೆ ಬೈದರೆ ಅದು ವಿಮರ್ಶೆಯಲ್ಲ.

ಎರಡನೆಯ ಪ್ರಶ್ನೆಗೆ ಬಂದರೆ ಕಥೆ ಬೇರೆ. ಕ್ರೋಮ್‌ನ ಒಡೆಯನ ಹೊಟ್ಟೆ ತುಂಬುವುದು ಜಾಹೀರಾತಿನಿಂದ. ಜಾಲತಾಣದಿಂದ ಜಾಲತಾಣಕ್ಕೆ ನಮ್ಮ ಬೆನ್ನು ಹತ್ತುವ ಹೊರಗಿನವರ ಕುಕೀಗಳನ್ನು ಫೈರ್‌ಫಾಕ್ಸ್ 2019ರಿಂದ ತಾನಾಗಿಯೇ ತಡೆಯತೊಡಗಿತು, ಆ್ಯಪಲ್‌ನ ಸಫಾರಿ 2020ರಲ್ಲಿ ಪೂರ್ತಿ ಬಾಗಿಲು ಹಾಕಿತು. ಎರಡು ವರ್ಷದಲ್ಲಿ ನಿಲ್ಲಿಸುತ್ತೇವೆ ಎಂದು 2020ರ ಜನವರಿಯಲ್ಲಿ ಹೇಳಿದ ಗೂಗಲ್ ದಿನ ಮುಂದೂಡುತ್ತಾ ಬಂದು, 2024ರಲ್ಲಿ ಆ ಯೋಜನೆಯಿಂದಲೇ ಹಿಂದೆ ಸರಿಯಿತು.

ಅಪ್ಪ ಕ್ರೋಮ್ ಆರಿಸಿಕೊಂಡರೇ? ಇಲ್ಲ, ಅದು ಫೋನಿನ ಜೊತೆಗೇ ಬಂತು. ಗೂಗಲ್ ತನ್ನ ಆ್ಯಪ್‌ಗಳನ್ನು ಆಂಡ್ರಾಯ್ಡ್ ಫೋನುಗಳಲ್ಲಿ ಮೊದಲೇ ತುಂಬಿಸಿ ಕಳಿಸುವುದೂ ಸೇರಿದಂತೆ ಹಲವು ವಿಷಯಗಳಿಗಾಗಿ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ 1,337.76 ಕೋಟಿ ರೂಪಾಯಿ ದಂಡ ಹಾಕಿತು. 'ಜನ ಮೆಚ್ಚಿ ಬಳಸುತ್ತಿದ್ದಾರೆ' ಎನ್ನುವವರು ಇದನ್ನೊಮ್ಮೆ ನೆನೆಯಲಿ.

ಜಾಹೀರಾತು ಬರೀ ಕಿರಿಕಿರಿಯಲ್ಲ, ಕಳ್ಳರು ಒಳಬರುವ ಹಿತ್ತಿಲ ಬಾಗಿಲೂ ಹೌದು. ಹುಡುಕಾಟದ ಫಲಿತಾಂಶದ ನೆತ್ತಿಯ ಮೇಲೆ ಹಣ ಕೊಟ್ಟು ಕೂರುವ ನಕಲಿ ಜಾಹೀರಾತುಗಳ ಬಗ್ಗೆ ಅಮೆರಿಕದ ಎಫ್‌ಬಿಐ 2022ರ ಡಿಸೆಂಬರಿನಲ್ಲಿ ಎಚ್ಚರಿಸಿ, ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಬಳಸಿ ಎಂದು ಜನರಿಗೆ ಸಲಹೆ ಕೊಟ್ಟಿತು. ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಎಕ್ಸ್‌ಟೆನ್ಶನ್ ಹಾಕಲು ಬರುವುದಿಲ್ಲ. ಫೈರ್‌ಫಾಕ್ಸ್‌ನಲ್ಲಿ ಬರುತ್ತದೆ, ಯುಬ್ಲಾಕ್ ಆರಿಜಿನ್ ಪುಕ್ಕಟೆ ಸಿಗುತ್ತದೆ. ಅಪ್ಪನ ಫೋನಿಗೆ ನಾವು ಹಾಕಿದ್ದು ಇದನ್ನೇ. ಪುಟಗಳು ಹಗುರಾದವು, ಡೇಟಾ ಉಳಿಯಿತು, ಮುಖ್ಯವಾಗಿ ಒತ್ತಬಾರದ ಗುಂಡಿಗಳು ಕಣ್ಣಿಗೆ ಬೀಳುವುದೇ ಕಡಿಮೆಯಾಯಿತು.

ಬ್ರೇವ್ ಇನ್ನೂ ಸಲೀಸು, ಏನೂ ಸೇರಿಸದೆ ಜಾಹೀರಾತು ತಡೆಯುತ್ತದೆ. ಆದರೆ ಅದೂ ಸನ್ಯಾಸಿಯಲ್ಲ. ವಿಳಾಸ ಟೈಪ್ ಮಾಡುವಾಗ ತನಗೆ ಕಮಿಷನ್ ಬರುವ ಕೊಂಡಿಯನ್ನು ತಾನೇ ತುಂಬುತ್ತಿದ್ದದ್ದು 2020ರಲ್ಲಿ ಸಿಕ್ಕಿಬಿದ್ದು, ಕ್ಷಮೆ ಕೇಳಿತು. ಹಗುರ ಎಂದು ಹಳ್ಳಿ ಹಳ್ಳಿಯಲ್ಲೂ ಓಡುತ್ತಿದ್ದ ಯುಸಿ ಬ್ರೌಸರ್ ಬಳಕೆದಾರರ ಮಾಹಿತಿ ಸೋರಿಸುತ್ತದೆ ಎಂದು ಕೆನಡಾದ ಸಿಟಿಜನ್ ಲ್ಯಾಬ್ 2015ರಲ್ಲೇ ಹೇಳಿತ್ತು. ನಮ್ಮಲ್ಲಿ ನಿಷೇಧವಾದದ್ದು 2020ರ ಜೂನ್‌ನಲ್ಲಿ, ಅದೂ ಗಡಿಯಲ್ಲಿ ಜಗಳವಾದ ಮೇಲೆ. ಡೇಟಾ ಉಳಿಸುವ ಒಪೆರಾ ಮಿನಿಯ ಎಕ್ಸ್‌ಟ್ರೀಮ್ ಮೋಡ್‌ನಲ್ಲಿ ಪುಟ ನಿಮ್ಮ ಫೋನಿಗೆ ಬರುವ ಮೊದಲು ಒಪೆರಾ ಸರ್ವರಿನಲ್ಲಿ ಬಿಚ್ಚಿಕೊಂಡು ಕುಗ್ಗಿ ಬರುತ್ತದೆ. ಧಾರಣೆ ನೋಡಲು ಸರಿ, ಬ್ಯಾಂಕಿಗೆ ಬೇಡ.

ನಮ್ಮ ಮಾತಿಗೆ ಎದುರು ವಾದಗಳಿವೆ, ಮುಚ್ಚಿಡುವುದಿಲ್ಲ. ಫೈರ್‌ಫಾಕ್ಸ್ ನಡೆಸುವ ಮೊಜಿಲ್ಲಾದ ಆದಾಯದ ದೊಡ್ಡ ಪಾಲು ಬರುವುದು ಗೂಗಲ್‌ನಿಂದಲೇ. ಕೆಲವು ಸರ್ಕಾರಿ ಜಾಲತಾಣಗಳು ಫೈರ್‌ಫಾಕ್ಸ್‌ನಲ್ಲಿ ಮುನಿಸಿಕೊಳ್ಳುತ್ತವೆ, ನಮಗೇ ಒಂದು ಅರ್ಜಿಯ ಕೊನೆಯ ಗುಂಡಿ ಕೆಲಸ ಮಾಡಲಿಲ್ಲ. ಆದರೆ ಅದು ಬ್ರೌಸರಿನ ಸೋಲಲ್ಲ, ಜಾಲತಾಣ ಕಟ್ಟಿದವರ ಸೋಮಾರಿತನ. ಸಾರ್ವಜನಿಕ ದುಡ್ಡಿನಲ್ಲಿ ಕಟ್ಟಿದ ಪುಟ ಎಲ್ಲ ಬ್ರೌಸರಿನಲ್ಲೂ ತೆರೆಯಬೇಕು. ಅಲ್ಲಿಯವರೆಗೆ ಕ್ರೋಮ್ ಕೂಡ ಫೋನಿನಲ್ಲಿರಲಿ, ಆ ಕೆಲಸಕ್ಕೆ ಮಾತ್ರ.

ಇನ್ನೊಂದು ಮಾತು ಹಳೆಯ ಫೋನುಗಳದ್ದು. ಆಂಡ್ರಾಯ್ಡ್ 8 ಮತ್ತು 9ಕ್ಕೆ ಕ್ರೋಮ್‌ನ 138ನೇ ಆವೃತ್ತಿಯೇ ಕೊನೆ. ಅಂಥ ಫೋನಿನಲ್ಲಿ ಅದು ಓಡುತ್ತಲೇ ಇರುತ್ತದೆ, ತೇಪೆ ಮಾತ್ರ ಬರುವುದಿಲ್ಲ. ಅಣ್ಣ ಹೊಸದು ಕೊಂಡು ಹಳೆಯದನ್ನು ಅಮ್ಮನಿಗೆ ಕೊಡುವ ನಮ್ಮ ಮನೆಗಳಲ್ಲಿ ಈ ಅಪಾಯ ಯಾರ ಕೈಗೆ ದಾಟುತ್ತದೆ, ಯೋಚಿಸಿ.

ಬೀಗದ ಚಿತ್ರ ಇದ್ದರೆ ಪುಟ ಅಸಲಿ ಎಂದು ನಾವೇ ಊರಲ್ಲಿ ಹೇಳಿಕೊಟ್ಟಿದ್ದೆವು. ಆ ಪಾಠ ಹಳತಾಯಿತು. ಕಳ್ಳರ ಪುಟಗಳಲ್ಲೂ ಬೀಗ ಇರುತ್ತದೆ, ಅದಕ್ಕೇ ಕ್ರೋಮ್ 2023ರಲ್ಲಿ ಆ ಚಿತ್ರವನ್ನೇ ತೆಗೆಯಿತು. ನೋಡಬೇಕಾದದ್ದು ವಿಳಾಸ.

ಹಬ್ಬಕ್ಕೆ ಊರಿಗೆ ಬಂದಾಗ ಹತ್ತು ನಿಮಿಷ ಅಪ್ಪ ಅಮ್ಮನ ಫೋನು ಹಿಡಿಯಿರಿ. ಬ್ರೌಸರ್ ಅಪ್‌ಡೇಟ್ ಮಾಡಿ. ನೋಟಿಫಿಕೇಶನ್ ಪಟ್ಟಿ ಖಾಲಿ ಮಾಡಿ, ಇನ್ನು ಮುಂದೆ ಯಾವ ಪುಟವೂ ಕೇಳದಂತೆ ಆಫ್ ಮಾಡಿ. ಜಾಹೀರಾತು ತಡೆಯುವ ಬ್ರೌಸರೊಂದನ್ನು ಹಾಕಿ, ಅದನ್ನೇ ಮುಖ್ಯ ಬ್ರೌಸರ್ ಮಾಡಿ. ಹಣ ಹೋದರೆ ಕೂಡಲೇ 1930ಕ್ಕೆ ಕರೆ ಮಾಡಬೇಕೆಂದು ಗೋಡೆಯ ಕ್ಯಾಲೆಂಡರಿನ ಮೇಲೆ ದಪ್ಪಗೆ ಬರೆದಿಡಿ. ಆಮೇಲೆ ಬೇಕಾದರೆ 'ಹುಷಾರಾಗಿರಪ್ಪ' ಎನ್ನಿ.